ಆಂಪ್ ಡಬಲ್ ಮಾಡಿದ್ರೂ ಸ್ಟ್ರಿಪ್ ಲೈಟ್ ಮಂಕು. ಆ ಆಂಪ್ ಎಲ್ಲಾ ಎಲ್ಲಿ ಹೋಗ್ತಿದೆ?

ಕಪಾಟಿನ_ಬೆಳಕು:
ಎಲ್ಲರಿಗೂ ನಮಸ್ಕಾರ. ಹೈಸ್ಕೂಲಲ್ಲಿ ಓಮ್‌ನ ನಿಯಮ ಬಾಯಿಪಾಠ ಮಾಡಿ ಮಾರ್ಕ್ಸ್ ಗಿಟ್ಟಿಸಿದವನು ನಾನು. ಈಗ ಒಂದು ಸ್ಟ್ರಿಪ್ ಲೈಟ್ ನನ್ನ ಮರ್ಯಾದೆ ತೆಗೀತಿದೆ.

ಪುಸ್ತಕದ ಕಪಾಟಿಗೆ ಅಂತ 5 ಮೀಟರ್ ಉದ್ದದ 12 ವೋಲ್ಟ್ ಎಲ್‌ಇಡಿ ಸ್ಟ್ರಿಪ್ ತಂದೆ. ಮೀಟರಿಗೆ 9.6 ವ್ಯಾಟ್ ಅಂತ ಬರೆದಿದೆ. ಒಟ್ಟು 48 ವ್ಯಾಟ್, ಅಂದ್ರೆ 4 ಆಂಪ್. ಅಡಾಪ್ಟರ್ 12 ವೋಲ್ಟ್, 5 ಆಂಪಿನದು. ಟೇಬಲ್ ಮೇಲೆ ಇಟ್ಕೊಂಡು ಅಡಾಪ್ಟರಿಗೆ ನೇರ ಹಚ್ಚಿದಾಗ ಕಣ್ಣು ಬಿಡೋಕೆ ಆಗದಷ್ಟು ಬೆಳಕು. ಆದರೆ ಪ್ಲಗ್ ಪಾಯಿಂಟಿಂದ ಕಪಾಟು 8 ಮೀಟರ್ ದೂರ. ಕೈಗೆ ಸಿಕ್ಕ ತೆಳ್ಳಗಿನ ಜೋಡಿ ತಂತಿ ಎಳೆದು ಕನೆಕ್ಷನ್ ಕೊಟ್ಟೆ. ಬೆಳಕು ಅರ್ಧಕ್ಕರ್ಧ ಇಳೀತು.

ತಂತಿ ಒಳಗೆಲ್ಲೋ ತುಂಡಾಗಿರಬೇಕು ಅಂದ್ಕೊಂಡು ಸ್ಟ್ರಿಪ್ ಬಿಚ್ಚಿ ತಂತಿಯ ಆ ತುದೀಲಿ ಮಲ್ಟಿಮೀಟರ್ ಹಿಡಿದೆ. 12.05 ವೋಲ್ಟ್. ಅಡಾಪ್ಟರ್ ಹತ್ರ ಹಿಡಿದ್ರೂ ಅದೇ 12.05. ಅಂದ್ರೆ ತಂತಿ ಸರಿಯಾಗೇ ಇದೆ. ಹಾಗಾದ್ರೆ ಕರೆಂಟೇ ಸಾಲ್ತಿಲ್ಲ ಅಂತ 12 ವೋಲ್ಟ್ 10 ಆಂಪ್ ಅಡಾಪ್ಟರ್ ತಂದು ಹಾಕಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಐದು ಆಂಪ್ ಜಾಸ್ತಿ ಕೊಟ್ಟಿದ್ದೀನಲ್ಲ, ಅದು ಎಲ್ಲಿ ಹೋಯ್ತು?

ಸುಮ್ನೆ_ಓದೋನು:
ಮೊದಲು ಆ 10 ಆಂಪ್ ಅಡಾಪ್ಟರ್ ಕಿತ್ತು ಬಿಸಾಕಿ ಗುರು. 4 ಆಂಪ್ ಸ್ಟ್ರಿಪ್‌ಗೆ 10 ಆಂಪ್ ನುಗ್ಗಿಸಿದ್ರೆ ಇವತ್ತಲ್ಲ ನಾಳೆ ಸುಟ್ಟು ಬೂದಿ ಆಗುತ್ತೆ.

ಹಳೇಮೀಟರ್:
ಸುಡಲ್ಲ. ದಯವಿಟ್ಟು ಹೆದರಿಸಬೇಡಿ. ಮೂವತ್ತು ವರ್ಷದಿಂದ ರಿಪೇರಿ ಬೆಂಚಿನ ಮುಂದೆ ಕೂತವನು ನಾನು. ಈ ಮಾತನ್ನ ತಿಂಗಳಿಗೆ ನಾಲ್ಕು ಸಲ ಆದ್ರೂ ಕೇಳ್ತೀನಿ.

ಅಡಾಪ್ಟರ್ ಮೇಲೆ ಎರಡು ಅಂಕಿ ಇರುತ್ತೆ, ಎರಡರ ಅರ್ಥ ಬೇರೆ ಬೇರೆ. 12 ವೋಲ್ಟ್ ಅನ್ನೋದು ಅದು ಕೊಡುವ ಮಾತು: ಲೋಡ್ (ಅಂದ್ರೆ ಕರೆಂಟ್ ಎಳೆಯೋ ವಸ್ತು) ಇರಲಿ ಬಿಡಲಿ, ನನ್ನ ಎರಡು ತುದಿಗಳ ನಡುವೆ 12 ಇಟ್ಟಿರ್ತೀನಿ ಅಂತ. 10 ಆಂಪ್ ಅನ್ನೋದು ಅದರ ತಾಕತ್ತಿನ ಮಿತಿ: ಅಷ್ಟರವರೆಗೆ ಎಳೆದ್ರೂ ಮಾತು ತಪ್ಪಲ್ಲ ಅಂತ. ಎಷ್ಟು ಎಳೀಬೇಕು ಅನ್ನೋದನ್ನ ತೀರ್ಮಾನ ಮಾಡೋದು ಆಚೆ ಕಡೆ ಕಟ್ಟಿರೋ ವಸ್ತು. ಬಾವಿ ಎಷ್ಟೇ ದೊಡ್ಡದಿರಲಿ, ಮೇಲೆ ಬರೋದು ಕೊಡದಷ್ಟೇ ನೀರು. 12 ವೋಲ್ಟ್ ಬೇಕಾದ ಕಡೆ 24 ವೋಲ್ಟ್ ಕೊಟ್ಟಿದ್ರೆ ಮಾತ್ರ ಸುಡುತ್ತಿತ್ತು.

ಕಪಾಟಿನವರೇ, ನೀವು ಮೀಟರ್ ಹಿಡಿದಾಗ ಸ್ಟ್ರಿಪ್ ಬಿಚ್ಚಿದ್ರಿ ಅಂತ ನೀವೇ ಬರೆದಿದ್ದೀರಿ. ಇಡೀ ಕಥೆ ಅಲ್ಲೇ ಇದೆ. ಸ್ಟ್ರಿಪ್ ಹಾಕಿ, ಉರೀತಿರುವಾಗಲೇ ಅದರ ಬಾಯಲ್ಲಿ ವೋಲ್ಟೇಜ್ ನೋಡಿ ಹೇಳಿ.

ಕಪಾಟಿನ_ಬೆಳಕು:
9.80. ಎರಡು ಸಲ ನೋಡಿದೆ. ಅದೇ ಹೊತ್ತಲ್ಲಿ ಅಡಾಪ್ಟರ್ ಹತ್ರ 12.05. ಸ್ಟ್ರಿಪ್ ಕಿತ್ತ ತಕ್ಷಣ ಈ ತುದಿಯೂ 12.05ಕ್ಕೆ ಹಾರುತ್ತೆ. ಮಂತ್ರ ಹಾಕಿದ ಹಾಗಿದೆ ಸರ್. 10 ಆಂಪ್ ಅಡಾಪ್ಟರಲ್ಲೂ ಇದೇ ಅಂಕಿಗಳು.

ಹಳೇಮೀಟರ್:
ಮಂತ್ರ ಏನಿಲ್ಲ. ಸ್ಟ್ರಿಪ್ ಬಿಚ್ಚಿದಾಗ ತಂತಿಯಲ್ಲಿ ಏನೂ ಹರೀತಿಲ್ಲ. ಹರಿಯದೇ ಇದ್ದಾಗ ತಂತಿ ಎಷ್ಟೇ ತೆಳ್ಳಗಿರಲಿ, ಏನನ್ನೂ ಕಳೆಯಲ್ಲ, ಈ ಕಡೆ ಇದ್ದ ವೋಲ್ಟೇಜ್ ಆ ಕಡೆ ಹಾಗೇ ಕಾಣುತ್ತೆ. ಮೀಟರೂ ಎಳೆಯುತ್ತೆ, ಆದ್ರೆ ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾಓಮ್, ಅಂದ್ರೆ ಒಂದು ಕೋಟಿ ಓಮ್. 12 ವೋಲ್ಟಿಗೆ ಅದು ಎಳೆಯೋದು ಒಂದು ಮೈಕ್ರೋಆಂಪಿಗಿಂತ ಸ್ವಲ್ಪ ಹೆಚ್ಚು. ಅದು ಲೆಕ್ಕಕ್ಕಿಲ್ಲ.

ಸ್ಟ್ರಿಪ್ ಹಾಕಿದ ಕೂಡಲೇ ಆಂಪ್‌ಗಟ್ಟಲೆ ಹರಿಯುತ್ತೆ. ಆಗ ತಂತಿ ತನ್ನ ಪಾಲು ಮುರಿದುಕೊಳ್ಳುತ್ತೆ. ಕಾಣೆಯಾದ 2.25 ವೋಲ್ಟ್ ತಂತಿಯ ಉದ್ದಕ್ಕೂ ಬಿದ್ದುಹೋಗಿದೆ. ಕೆಟ್ಟ ತಂತಿ, ಸಡಿಲ ಜಾಯಿಂಟ್, ಕೊಳೆ ಹಿಡಿದ ಸ್ವಿಚ್, ಇವೆಲ್ಲ ಲೋಡ್ ಇಲ್ಲದಾಗ ಒಳ್ಳೇ ಹುಡುಗರ ಹಾಗೆ ಕೈಕಟ್ಟಿ ಕೂತಿರುತ್ತವೆ. ಅದಕ್ಕೇ ಲೋಡ್ ಹಾಕದೆ ವೋಲ್ಟೇಜ್ ನೋಡಬೇಡಿ ಅಂತ ನಮ್ಮಲ್ಲಿ ಕಲಿಯೋಕೆ ಬಂದ ಹುಡುಗರಿಗೆ ಮೊದಲ ದಿನವೇ ಹೇಳ್ತೀವಿ.

ವಿಜ್ಞಾನದ_ಮೇಡಂ:
ನಾನು ಪಾಠ ಮಾಡುವವಳು, ರಿಪೇರಿ ಅಷ್ಟಾಗಿ ಗೊತ್ತಿಲ್ಲ. ಆದರೆ ಕಪಾಟಿನವರ ಪ್ರಶ್ನೆಯಲ್ಲೇ ಒಂದು ಪದ ಕಣ್ಣಿಗೆ ಬಿತ್ತು: "ಐದು ಆಂಪ್ ಜಾಸ್ತಿ ಕೊಟ್ಟಿದ್ದೀನಲ್ಲ." ಕರೆಂಟನ್ನು ಯಾರೂ ಕೊಡುವುದಿಲ್ಲ. ಕೊಡುವುದು ವೋಲ್ಟೇಜ್, ಅಡ್ಡ ನಿಲ್ಲುವುದು ರೆಸಿಸ್ಟೆನ್ಸ್, ಇವೆರಡರ ಲೆಕ್ಕಾಚಾರದಲ್ಲಿ ಕೊನೆಗೆ ಹುಟ್ಟುವುದು ಕರೆಂಟ್. ಮಕ್ಕಳಿಗೆ ಓಮ್‌ನ ನಿಯಮವನ್ನು ವಿ = ಐ × ಆರ್ (ವೋಲ್ಟೇಜ್ = ಕರೆಂಟ್ × ರೆಸಿಸ್ಟೆನ್ಸ್) ಅಂತ ಬರೆಸುತ್ತೇವೆ. ನನಗೆ ಕೇಳಿದರೆ ಮೊದಲು ಐ = ವಿ ÷ ಆರ್ ಅಂತಲೇ ಬರೆಸಬೇಕು. ಗಣಿತಕ್ಕೆ ಎರಡೂ ಒಂದೇ. ಆದರೆ ಎರಡನೆಯದರಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಅಂತ ಕಣ್ಣಿಗೇ ಕಾಣುತ್ತದೆ.

ಈ ಗೊಂದಲಕ್ಕೆ ನಮ್ಮ ಆಡುಮಾತೂ ಕಾರಣ ಅನ್ನಿಸುತ್ತದೆ. "ಕರೆಂಟ್ ಹೋಯ್ತು" ಅನ್ನುತ್ತೇವೆ, ನಿಜಕ್ಕೂ ಹೋಗಿರುವುದು ವೋಲ್ಟೇಜ್. "ಕರೆಂಟ್ ಬಿಲ್" ಅನ್ನುತ್ತೇವೆ, ಅದು ಶಕ್ತಿಯ ಬಿಲ್. "ಪ್ಲಗ್ಗಲ್ಲಿ ಕರೆಂಟ್ ಇದೆಯಾ ನೋಡು" ಅನ್ನುತ್ತೇವೆ. ಏನೂ ಸಿಕ್ಕಿಸದ ಪ್ಲಗ್ಗಲ್ಲಿ ಕರೆಂಟ್ ಇರುವುದೇ ಇಲ್ಲ, ವೋಲ್ಟೇಜ್ ಮಾತ್ರ ಕಾಯುತ್ತಾ ಕೂತಿರುತ್ತದೆ. ಒಂದೇ ಪದದಿಂದ ನಾಲ್ಕು ಕೆಲಸ ಮಾಡಿಸಿದರೆ ತಲೆ ಕೆಡದೆ ಇರುತ್ತದೆಯೇ?

ಇನ್ನೊಂದು ಕಡೆ, ಪಠ್ಯಪುಸ್ತಕದ "ವಿಭವಾಂತರ" ಎಂಬ ಪದವನ್ನು ಎಲ್ಲರೂ ಗೇಲಿ ಮಾಡುತ್ತಾರೆ. ಆದರೆ ವೋಲ್ಟೇಜ್ ಅನ್ನುವ ಪದದಲ್ಲಿ ಇಲ್ಲದ ಒಂದು ಗುಟ್ಟು ಅದರೊಳಗಿದೆ: ಅಂತರ. ಒಂದೇ ಬಿಂದುವಿಗೆ ವೋಲ್ಟೇಜ್ ಇಲ್ಲ, ಎರಡು ಬಿಂದುಗಳ ನಡುವೆ ಇರುತ್ತದೆ. ಮೀಟರಿಗೆ ಎರಡು ಕಡ್ಡಿ ಇರುವುದೂ ಅದಕ್ಕೇ. ಹೈಟೆನ್ಷನ್ ತಂತಿಯ ಮೇಲೆ ಕೂತ ಹಕ್ಕಿಯ ಎರಡು ಕಾಲುಗಳ ನಡುವೆ ಅಂತರ ಹೆಚ್ಚೂಕಡಿಮೆ ಸೊನ್ನೆ, ಆದ್ದರಿಂದ ಅದು ಆರಾಮಾಗಿ ಕೂತಿರುತ್ತದೆ.

ಬೆಸುಗೆ_ಹೊಗೆ:
ಮೇಡಂ ಹೇಳಿದ್ದು ಲಾಯ್ಕಾಯ್ತು. ಇನ್ನು ಯಾರಾದ್ರೂ ಬಂದು ನೀರಿನ ಟ್ಯಾಂಕಿ, ಪೈಪು ಅಂತ ಶುರು ಮಾಡುವ ಮೊದಲು ಒಂದು ಮಾತು ಹೇಳಿಬಿಡ್ತೇನೆ. ನಂಗೆ ಆ ಹೋಲಿಕೆ ಕಂಡ್ರೆ ಆಗುದಿಲ್ಲ ಮಾರಾಯ್ರೆ. ಪೈಪ್ ತುಂಡು ಮಾಡಿದ್ರೆ ನೀರು ಸುರೀತದೆ. ತಂತಿ ತುಂಡು ಮಾಡಿದ್ರೆ ಎಲ್ಲಾ ನಿಂತೇ ಹೋಗ್ತದೆ. ಟ್ಯಾಂಕಿ ಖಾಲಿ ಆದ ಹಾಗೆ ಬ್ಯಾಟರಿಯಿಂದ ಎಲೆಕ್ಟ್ರಾನ್ ಖಾಲಿ ಆಗುದೂ ಇಲ್ಲ.

ಸೈಕಲ್ ಚೈನ್ ನೆನೆಸಿಕೊಳ್ಳಿ. ಚೈನ್ ಮೊದಲೇ ಇಡೀ ಸುತ್ತು ಇದೆ, ತಂತಿಯಲ್ಲಿ ಎಲೆಕ್ಟ್ರಾನುಗಳು ಮೊದಲೇ ತುಂಬಿಕೊಂಡಿರುವ ಹಾಗೆ. ಪೆಡಲ್ ತುಳಿದ ಕ್ಷಣವೇ ಹಿಂದಿನ ಚಕ್ರ ತಿರುಗ್ತದೆ, ಕೊಂಡಿ ಒಂದೊಂದೇ ಅಲ್ಲಿಗೆ ಹೋಗಿ ಮುಟ್ಟುವ ತನಕ ಕಾಯುದಿಲ್ಲ. ಪೆಡಲಿನ ಒತ್ತು ವೋಲ್ಟೇಜ್, ಚೈನ್ ಓಡುವ ವೇಗ ಕರೆಂಟ್, ಚಕ್ರದ ಬಿಗುವು ರೆಸಿಸ್ಟೆನ್ಸ್. ಚೈನ್ ಒಂದು ಕಡೆ ತುಂಡಾದ್ರೆ ಇಡೀ ಆಟ ಬಂದ್.

ಎಲೆಕ್ಟ್ರಾನ್ ಓಡುವ ವೇಗ ಗೊತ್ತುಂಟಾ? ಒಂದು ಸ್ಕ್ವೇರ್ ಎಂಎಂ ತಾಮ್ರದ ತಂತಿಯಲ್ಲಿ 1 ಆಂಪ್ ಹರಿವಾಗ ಅವು ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್ ಜರುಗ್ತವೆ. ಗಂಟೆಗೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಬಸವನ ಹುಳವೂ ಅವನ್ನು ಹಿಂದೆ ಹಾಕ್ತದೆ. ಸ್ವಿಚ್ ಒತ್ತಿದ ಕೂಡಲೇ ದೀಪ ಹತ್ತುದು ಇಡೀ ಸಾಲು ಒಟ್ಟಿಗೆ ಹೊರಡುವ ಕಾರಣ.

ಹಳೇಮೀಟರ್:
ಚೈನ್ ಹೋಲಿಕೆ ಚೆನ್ನಾಗಿದೆ. ಸಮಾಂತರ ಕನೆಕ್ಷನ್, ಅಂದ್ರೆ ದಾರಿ ಕವಲೊಡೆಯೋ ಕನೆಕ್ಷನ್ ಬಂದ ಕೂಡಲೇ ಅದೂ ಕೈಕೊಡುತ್ತೆ, ಅಲ್ಲಿ ನಿಮ್ಮ ಪೈಪೇ ಗತಿ. ಒಂದೇ ಹೋಲಿಕೆಗೆ ಜೋತು ಬೀಳಬಾರದು ಅಷ್ಟೇ.

ಕಪಾಟಿನ_ಬೆಳಕು:
ತಂತಿಯ ಮೇಲೆ 0.25 ಸ್ಕ್ವೇರ್ ಎಂಎಂ ಅಂತ ಬರೆದಿದೆ. ಅದರ ರೆಸಿಸ್ಟೆನ್ಸ್ ಲೆಕ್ಕ ಹಾಕೋದು ಹೇಗೆ? ಮೀಟರಲ್ಲಿ ಓಮ್ಸ್ ಇಟ್ಟು ನೋಡಿದೆ, 1.4 ತೋರಿಸುತ್ತೆ. ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದ್ರೂ 0.3 ತೋರಿಸುತ್ತೆ. ಯಾವುದನ್ನ ನಂಬಲಿ?

ಹಳೇಮೀಟರ್:
ಆ 0.3 ಕಡ್ಡಿಗಳ ವೈರಿನದು, ಕಳೆದು ನೋಡಿ. ಆದ್ರೂ ಒಂದು ಓಮ್ ಆಸುಪಾಸಿನ ಅಳತೆಗೆ ಸಾಧಾರಣ ಮೀಟರನ್ನ ಪೂರ್ತಿ ನಂಬೋಕಾಗಲ್ಲ. ಮತ್ತೆ, ಓಮ್ಸ್ ಅಳೆಯುವಾಗ ಸಪ್ಲೈ ಕಡ್ಡಾಯವಾಗಿ ಕಿತ್ತಿರಬೇಕು, ಇಲ್ಲದಿದ್ರೆ ಮೀಟರ್ ಸುಳ್ಳು ಹೇಳುತ್ತೆ ಅಥವಾ ಸಾಯುತ್ತೆ.

ಲೆಕ್ಕದ ದಾರಿ ಸುಲಭ. ಒಂದು ಸ್ಕ್ವೇರ್ ಎಂಎಂ ದಪ್ಪದ ತಾಮ್ರದ ತಂತಿ ಒಂದು ಮೀಟರಿಗೆ 0.0175 ಓಮ್. ಆ ಸ್ಕ್ವೇರ್ ಎಂಎಂ ಅಂಕಿ (ತಂತಿ ಕತ್ತರಿಸಿದಾಗ ಕಾಣೋ ಮುಖದ ವಿಸ್ತೀರ್ಣ) ಕಾಲು ಭಾಗ ಆದ್ರೆ ರೆಸಿಸ್ಟೆನ್ಸ್ ನಾಲ್ಕು ಪಟ್ಟು, ಅಂದ್ರೆ ನಿಮ್ಮದು ಮೀಟರಿಗೆ 0.07. ಉದ್ದ ಹೆಚ್ಚಿದಂತೆ ಹೆಚ್ಚುತ್ತೆ. ನಿಮ್ಮ ಕರೆಂಟ್ ಎಷ್ಟಿದೆ ಅಂತಲೂ ನೋಡಿ. ಅದನ್ನ ನೋಡೋಕೆ ಒಂದು ತಂತಿ ಬಿಚ್ಚಿ, ಮಧ್ಯದಲ್ಲಿ ಮೀಟರ್ ಸೇರಿಸಬೇಕು. ಕೆಂಪು ಕಡ್ಡಿ 10 ಆಂಪ್ ತೂತಿಗೆ.

ಫ್ಯೂಸ್_ಹಾರಿತು:
ಆ ಮಧ್ಯದಾಗ ಸೇರಿಸಬೇಕು ಅನ್ನೂದನ್ನ ದಪ್ಪ ಅಕ್ಷರದಾಗ ಬರೀರಿ ಸರ. ಹೊಸಾ ಮೀಟರ್ ತಂದ ದಿನಾನ ಅದರ ಫ್ಯೂಸ್ ಹಾರಿಸಿದಾಂವ ನಾನು. ಬೈಕಿನ ಬ್ಯಾಟ್ರಿಯೊಳಗ ಎಷ್ಟ ಕರೆಂಟ್ ಐತಿ ನೋಡೂಣು ಅಂತ ಡಯಲ್ ಮಿಲಿಆಂಪಿಗೆ ತಿರುವಿ, ಎರಡೂ ಕಡ್ಡಿ ಬ್ಯಾಟ್ರಿಯ ಎರಡೂ ತುದಿಗೆ ಹಚ್ಚಿಬಿಟ್ಟೆ. ಚಟ್ ಅಂತು. ಕಡ್ಡಿ ತುದಿಗೆ ಒಂದು ಕರೀ ಚುಕ್ಕಿ, ಸ್ಕ್ರೀನ್ ಮ್ಯಾಲೆ ಬರೇ ಸೊನ್ನಿ. ವೋಲ್ಟೇಜ್ ಹಿಂಗ ನೋಡ್ತಾರ, ಕರೆಂಟ್ ಯಾಕ ಹಿಂಗ ನೋಡಬಾರದು ಅಂತ ಮೂರು ದಿನ ತಲಿ ಕೆಡಿಸ್ಕೊಂಡೇನ್ರಿ.

ವಿಜ್ಞಾನದ_ಮೇಡಂ:
ನೀವು ಮಾಡಿದ ತಪ್ಪಿನಿಂದಲೇ ಒಳ್ಳೆಯ ಪಾಠ ಬರುತ್ತದೆ. ಬ್ಯಾಟರಿಯೊಳಗೆ ಎಷ್ಟು ಕರೆಂಟ್ ಇದೆ ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ, ಏಕೆಂದರೆ ಕರೆಂಟ್ ಅದರೊಳಗೆ ತುಂಬಿಟ್ಟ ವಸ್ತುವಲ್ಲ. ಹರಿಯುವುದನ್ನು ಎಣಿಸಬೇಕಾದರೆ ಎಣಿಸುವವನು ಹರಿವಿನ ದಾರಿಯಲ್ಲೇ ನಿಲ್ಲಬೇಕು, ನಿಂತರೂ ಅಡ್ಡಿ ಮಾಡಬಾರದು. ಹಾಗಾಗಿ ಆಂಪ್ ಮೀಟರಿನ ರೆಸಿಸ್ಟೆನ್ಸನ್ನು ಆದಷ್ಟು ಸೊನ್ನೆಯ ಹತ್ತಿರ ಇಟ್ಟಿರುತ್ತಾರೆ. ಅದನ್ನು ಬ್ಯಾಟರಿಯ ಎರಡು ತುದಿಗೆ ಹಚ್ಚಿದರೆ ಬರಿಯ ತಂತಿ ಹಚ್ಚಿದಂತೆ, ಅಂದರೆ ಶಾರ್ಟ್. ವೋಲ್ಟ್ ಮೀಟರ್ ಇದಕ್ಕೆ ಉಲ್ಟಾ. ಅದು ಪಕ್ಕದಲ್ಲಿ ನಿಂತು ನೋಡುವುದು, ಏನನ್ನೂ ಎಳೆಯಬಾರದು, ಆದ್ದರಿಂದ ಒಂದು ಕೋಟಿ ಓಮ್.

ಹಳೇಮೀಟರ್:
ಫ್ಯೂಸ್ ಹಾರಿದ್ದು ನಿಮ್ಮ ಪುಣ್ಯ. ಅಗ್ಗದ ಮೀಟರುಗಳ 10 ಆಂಪ್ ತೂತಿಗೆ ಎಷ್ಟೋ ಸಲ ಫ್ಯೂಸೇ ಇರಲ್ಲ. ಆ ತೂತಲ್ಲಿ ಕಡ್ಡಿ ಇಟ್ಟು ಬೈಕ್ ಬ್ಯಾಟರಿಗೆ ಹಚ್ಚಿದ್ರೆ ಕಡ್ಡಿಯ ವೈರೇ ಕರಗುತ್ತೆ. ಕೆಲಸ ಮುಗಿದ ಮೇಲೆ ಕೆಂಪು ಕಡ್ಡಿಯನ್ನ ವೋಲ್ಟ್ ತೂತಿಗೆ ವಾಪಸ್ ಹಾಕೋ ಅಭ್ಯಾಸ ಎಲ್ಲರೂ ಮಾಡ್ಕೊಳ್ಳಿ.

ಕಪಾಟಿನ_ಬೆಳಕು:
ಮಧ್ಯದಲ್ಲೇ ಸೇರಿಸಿ ನೋಡಿದೆ: 2.0 ಆಂಪ್. ಬಾಕ್ಸ್ ಮೇಲೆ ಬರೆದಿದ್ದು 4!

ಈಗ ಲೆಕ್ಕ ಹಾಕಿದೆ. 8 ಮೀಟರ್ ಗುಣಿಸು 0.07, ಅಂದ್ರೆ 0.56 ಓಮ್. 2 ಆಂಪಿಗೆ 1.12 ವೋಲ್ಟ್ ನಷ್ಟ ಆಗಬೇಕು. ಆದರೆ ನಷ್ಟ ಆಗಿರೋದು 2.25. ಸರಿಯಾಗಿ ಅರ್ಧ ಮಾತ್ರ ಸಿಕ್ಕಿದೆ. ಇನ್ನರ್ಧ ಎಲ್ಲಿ?

ಬೆಸುಗೆ_ಹೊಗೆ:
ಬರುವ ದಾರಿಗೆ ಟಿಕೆಟ್ ಬೇಡವಾ ಮಾರಾಯ್ರೆ?

ಕಪಾಟಿನ_ಬೆಳಕು:
ಅಯ್ಯೋ! ಹೋಗೋ ತಂತಿ 8, ಬರೋ ತಂತಿ 8. ಹದಿನಾರು ಮೀಟರ್! 1.12 ಓಮ್, 2.24 ವೋಲ್ಟ್. ತಾಳೆ ಆಯ್ತು.

ನಿಜ ಹೇಳ್ತೀನಿ, ಮೈನಸ್ ತಂತಿಯನ್ನ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಪ್ಲಸ್ಸಿಂದ ಕರೆಂಟ್ ಹೋಗುತ್ತೆ, ಲೈಟ್ ಅದನ್ನ ತಿಂದುಬಿಡುತ್ತೆ, ಮೈನಸ್ಸಲ್ಲಿ ಏನೋ ಉಳಿದ ಪಳಿದದ್ದು ವಾಪಸ್ ಬರುತ್ತೆ ಅನ್ನೋ ಹಾಗೆ ಮನಸ್ಸಲ್ಲಿತ್ತು.

ವಿಜ್ಞಾನದ_ಮೇಡಂ:
ನನ್ನ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನಸ್ಸಿನಲ್ಲೂ ಅದೇ ಇರುತ್ತದೆ, ಕೇಳುವವರೆಗೆ ಗೊತ್ತಾಗುವುದಿಲ್ಲ. ಕವಲಿಲ್ಲದ ದಾರಿಯಲ್ಲಿ ಹೋದ ಕರೆಂಟ್ ಅಷ್ಟೂ ವಾಪಸ್ ಬರುತ್ತದೆ. ಲೈಟ್ ತಿನ್ನುವುದು ಕರೆಂಟನ್ನಲ್ಲ, ಶಕ್ತಿಯನ್ನು. ಮೈನಸ್ ತಂತಿಯಲ್ಲಿ ಮೀಟರ್ ಸೇರಿಸಿ ನೋಡಿ, ಅಲ್ಲೂ 2.0 ಇರುತ್ತದೆ.

ತಂತಿಗಳನ್ನು ಒಂದೊಂದಾಗಿ ಪರೀಕ್ಷಿಸಲೂಬಹುದು. ಒಂದು ಕಡ್ಡಿ ಅಡಾಪ್ಟರಿನ ಪ್ಲಸ್ಸಿಗೆ, ಇನ್ನೊಂದು ಸ್ಟ್ರಿಪ್ಪಿನ ಪ್ಲಸ್ಸಿಗೆ. ಒಂದೇ ತಂತಿಯ ಎರಡು ತುದಿಗಳ ನಡುವಿನ ಅಂತರ ಸಿಗುತ್ತದೆ.

ಕಪಾಟಿನ_ಬೆಳಕು:
ಕಡ್ಡಿ ಅಷ್ಟುದ್ದ ಇಲ್ಲ ಮೇಡಂ. ಇನ್ನೊಂದು ತೆಳ್ಳಗಿನ ವೈರ್ ಸೇರಿಸಿ ಉದ್ದ ಮಾಡಿದ್ರೆ ಅದರಲ್ಲೂ ನಷ್ಟ ಆಗಲ್ವಾ?

ಹಳೇಮೀಟರ್:
ಪ್ರಶ್ನೆ ಕೇಳುವ ರೀತಿ ನೋಡಿದ್ರೆ ನಿಮಗೆ ವಿಷಯ ಹಿಡೀತಿದೆ. ಆಗಲ್ಲ. ಮೀಟರ್ ಎಳೆಯೋದೇ ಇಲ್ಲವಲ್ಲ. ಕೂದಲಿನಷ್ಟು ತೆಳ್ಳಗಿನ ವೈರ್ ಸೇರಿಸಿದ್ರೂ ಪರವಾಗಿಲ್ಲ.

ಕಪಾಟಿನ_ಬೆಳಕು:
ಪ್ಲಸ್ ತಂತಿ 1.13, ಮೈನಸ್ ತಂತಿ 1.12. ಸ್ಟ್ರಿಪ್ ಮೇಲೆ 9.80. ಕೂಡಿದ್ರೆ 12.05. ಇಷ್ಟು ಚೆಂದ ಕೂಡಿಬರುತ್ತೆ ಅಂದ್ಕೊಂಡಿರಲಿಲ್ಲ.

ವಿಜ್ಞಾನದ_ಮೇಡಂ:
1845ರಲ್ಲಿ ಭೌತವಿಜ್ಞಾನಿ ಕಿರ್ಕಾಫ್ ಹೇಳಿದ್ದು ಅದನ್ನೇ: ಸರ್ಕ್ಯೂಟನ್ನು ಒಂದು ಸುತ್ತು ಹಾಕಿ ಬಂದರೆ ಏರಿದ್ದು, ಇಳಿದದ್ದು ಎರಡೂ ಸಮ.

ಕೊನೇ_ಬೆಂಚು:
ಒಂದು ಡೌಟು. ವೋಲ್ಟೇಜ್ ಕಮ್ಮಿಯಾಗಿದ್ದು 12ರಲ್ಲಿ ಎರಡೂ ಕಾಲು, ಅಂದ್ರೆ ಐದನೇ ಒಂದು ಭಾಗಾನೂ ಇಲ್ಲ. ಓಮ್ ಪ್ರಕಾರ ಕರೆಂಟೂ ಅಷ್ಟೇ ಇಳಿದು 3.3 ಆಂಪ್ ಹತ್ರ ಇರಬೇಕಿತ್ತು. 2ಕ್ಕೆ ಬಿದ್ದಿದ್ದು ಹೇಗೆ?

ಬೆಸುಗೆ_ಹೊಗೆ:
ಎಲ್‌ಇಡಿ ಓಮ್‌ನ ಮಾತು ಕೇಳುದಿಲ್ಲ. ಸ್ಟ್ರಿಪ್ಪನ್ನು ಹತ್ತಿರದಿಂದ ನೋಡಿ. ಕತ್ತರಿ ಗುರುತಿನಿಂದ ಕತ್ತರಿ ಗುರುತಿಗೆ ಮೂರು ಎಲ್‌ಇಡಿ ಸರಣಿಯಲ್ಲಿ, ಜೊತೆಗೆ ಒಂದು ಪುಟ್ಟ ಕಪ್ಪು ರೆಸಿಸ್ಟರ್. ಬಿಳಿ ಎಲ್‌ಇಡಿ ಒಂದೊಂದೂ ಸುಮಾರು 3 ವೋಲ್ಟ್ ತನ್ನ ಪಾಲಿಗೆ ಇಟ್ಟುಕೊಳ್ತದೆ. ಮೂರಕ್ಕೆ 9. ಉಳಿದ 3 ವೋಲ್ಟ್ ರೆಸಿಸ್ಟರ್ ಮೇಲೆ. ಅದು 150 ಓಮಿನದ್ದಾದ್ರೆ 20 ಮಿಲಿಆಂಪ್. ಮೀಟರಿಗೆ 120 ಎಲ್‌ಇಡಿ ಇರುವ ಸ್ಟ್ರಿಪ್ ಆದ್ರೆ 5 ಮೀಟರಿನಲ್ಲಿ ಇಂಥ 200 ಗುಂಪು, ಒಟ್ಟು 4 ಆಂಪ್. ಬಾಕ್ಸಿನ ಮೇಲೆ ಇದ್ದದ್ದು ಅದೇ.

ಈಗ 9.8 ಬಂತು ಅಂತ ಇಟ್ಟುಕೊಳ್ಳಿ. ಎಲ್‌ಇಡಿ ತನ್ನ ಪಾಲನ್ನು ಸುಲಭದಲ್ಲಿ ಬಿಟ್ಟುಕೊಡುದಿಲ್ಲ, ಇಳಿದ್ರೂ ಮೂರೂ ಸೇರಿ 8.4ಕ್ಕೆ ನಿಲ್ತವೆ. ರೆಸಿಸ್ಟರಿಗೆ ಉಳಿದದ್ದು ಬರೀ 1.4, ಅಂದ್ರೆ 9 ಮಿಲಿಆಂಪ್ ಚಿಲ್ಲರೆ. ಅರ್ಧಕ್ಕಿಂತಲೂ ಕಮ್ಮಿ. ನಷ್ಟ ಪೂರ್ತಿ ಬಡಪಾಯಿ ರೆಸಿಸ್ಟರಿನ ತಲೆ ಮೇಲೆ ಬೀಳ್ತದೆ.

ಒಂಟಿ ಎಲ್‌ಇಡಿ ಉರಿಸುವವರಿಗೂ ಇದೇ ಲೆಕ್ಕ. 9 ವೋಲ್ಟ್ ಬ್ಯಾಟರಿ, 2 ವೋಲ್ಟಿನ ಕೆಂಪು ಎಲ್‌ಇಡಿ, 15 ಮಿಲಿಆಂಪ್ ಸಾಕು ಅಂದ್ರೆ 7 ಭಾಗಿಸು 0.015, ಸುಮಾರು 467. ಅಂಗಡಿಯಲ್ಲಿ 470 ಓಮ್ ಅಂತ ಸಿಗ್ತದೆ, ಅದನ್ನೇ ಹಾಕಿ. ರೆಸಿಸ್ಟರ್ ಇಲ್ಲದೆ ನೇರ ಹಚ್ಚಿದ್ರೆ ಎಲ್‌ಇಡಿ ಒಮ್ಮೆ ಚಂದ ಬೆಳಗಿ ಶಿವನ ಪಾದ ಸೇರ್ತದೆ.

ಕೊನೇ_ಬೆಂಚು:
ಓ. ಹಾಗಾದ್ರೆ ಹಳೇ ತಂತಿ ಬಲ್ಬ್ ಆದ್ರೂ ಓಮ್ ಮಾತು ಕೇಳಬೇಕಲ್ವಾ? 230 ವೋಲ್ಟ್ 60 ವ್ಯಾಟ್ ಬಲ್ಬನ್ನ ಹೋಲ್ಡರಿಂದ ತೆಗೆದು ಮೀಟರಲ್ಲಿ ನೋಡಿದೆ, 68 ಓಮ್. 230 ಭಾಗಿಸು 68, 3.38 ಆಂಪ್. ಅದನ್ನ 230ರಿಂದ ಗುಣಿಸಿದ್ರೆ 778 ವ್ಯಾಟ್ ಬರುತ್ತೆ. ನನ್ನ ಮೀಟರ್ ಕೆಟ್ಟಿದೆಯಾ?

ವಿಜ್ಞಾನದ_ಮೇಡಂ:
ಮೀಟರ್ ಸರಿಯಾಗಿದೆ. ನೀವು ಅಳೆದದ್ದು ತಣ್ಣಗಿನ ಬಲ್ಬನ್ನು. ಉರಿಯುವಾಗ ಆ ಟಂಗ್‌ಸ್ಟನ್ ಎಳೆ ಸುಮಾರು 2500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಲೋಹ ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಏರುತ್ತದೆ. 60 ವ್ಯಾಟ್ ಬರಬೇಕಾದರೆ ಕರೆಂಟ್ 0.26 ಆಂಪ್, ರೆಸಿಸ್ಟೆನ್ಸ್ ಸುಮಾರು 880 ಓಮ್ ಇರಬೇಕು. ಅಂದರೆ ತಣ್ಣಗಿದ್ದಾಗಿನ ಹದಿಮೂರು ಪಟ್ಟು. ನಿಮ್ಮ 778 ವ್ಯಾಟ್ ಪೂರ್ತಿ ಸುಳ್ಳೂ ಅಲ್ಲ. ಸ್ವಿಚ್ ಹಾಕಿದ ಮೊದಲ ಕ್ಷಣದಲ್ಲಿ, ಎಳೆ ಇನ್ನೂ ಬಿಸಿಯಾಗುವ ಮೊದಲು, ಅಷ್ಟೇ ನುಗ್ಗುತ್ತದೆ. ಹಳೆಯ ಬಲ್ಬುಗಳು ಉರಿಯುತ್ತಿರುವಾಗ ಹೋಗುವುದಕ್ಕಿಂತ ಸ್ವಿಚ್ ಹಾಕಿದಾಗಲೇ ಟಪ್ ಅಂತ ಹೋಗುತ್ತಿದ್ದದ್ದು ನೆನಪಿದೆಯೇ?

ಓಮ್ ಅವರನ್ನು ಎಲ್ಲರೂ ಬೈಯುತ್ತಿದ್ದೀರಿ, ಆದ್ದರಿಂದ ಅವರ ಪರವಾಗಿ ಒಂದು ಮಾತು. ಅವರಿಗೂ ಕಪಾಟಿನವರ ತಲೆನೋವೇ ಇತ್ತು. ವೋಲ್ಟಾ 1800ರಲ್ಲಿ ಮಾಡಿದ ಬ್ಯಾಟರಿಯಂಥದ್ದನ್ನು ಇಟ್ಟುಕೊಂಡು ಪ್ರಯೋಗ ಮಾಡಿದರೆ, ಲೋಡ್ ಹಾಕಿದ ಕೂಡಲೇ ಅದರ ಒತ್ತಡ ಕುಸಿಯುತ್ತಿತ್ತು, ಅಳತೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಕೊನೆಗೆ ಬ್ಯಾಟರಿ ಬಿಟ್ಟು, ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಜೋಡಿಸಿ, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟರು. ಆ ಉಷ್ಣ ಜೋಡಿ ಕೊಡುವ ವೋಲ್ಟೇಜ್ ತೀರಾ ಕಡಿಮೆ, ಆದರೆ ಅಲುಗಾಡುವುದಿಲ್ಲ. ಅದಾದ ಮೇಲೆಯೇ ನಿಯಮ ಕಣ್ಣಿಗೆ ಬಿದ್ದದ್ದು. 1827ರಲ್ಲಿ ಪುಸ್ತಕ ಬಂತು, ಲಂಡನ್ನಿನ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಬಂದದ್ದು 1841ರಲ್ಲಿ. ಅವರೂ ಶಾಲಾ ಮೇಷ್ಟ್ರಾಗಿದ್ದವರು, ಆದ್ದರಿಂದ ನನಗೆ ಸ್ವಲ್ಪ ಪಕ್ಷಪಾತ ಇದೆ.

ಸುಮ್ನೆ_ಓದೋನು:
ಮೊದಲ ಕಾಮೆಂಟಲ್ಲಿ ತಪ್ಪು ಹೇಳಿದ್ದೆ, ಒಪ್ಕೊಂಡೆ. ಆದ್ರೆ ಇದಂತೂ ಗೊತ್ತು: ಮನುಷ್ಯನ್ನ ಕೊಲ್ಲೋದು ವೋಲ್ಟೇಜ್ ಅಲ್ಲ, ಕರೆಂಟು. ಹಾಗಿದ್ರೆ ನೂರಾರು ಆಂಪ್ ಕೊಡೋ ಕಾರ್ ಬ್ಯಾಟರಿ ಮುಟ್ಟಿದ್ರೆ ಸಾಯಬೇಕಲ್ವಾ?

ಹಳೇಮೀಟರ್:
ಆ ಮಾತು ಅರ್ಧ ಸತ್ಯ, ಅದಕ್ಕೇ ಅಪಾಯ. ಹಾನಿ ಮಾಡೋದು ಮೈಯೊಳಗೆ ಹರಿಯೋ ಕರೆಂಟೇ. ಆದ್ರೆ ಎಷ್ಟು ಹರಿಯುತ್ತೆ ಅಂತ ತೀರ್ಮಾನ ಮಾಡೋದು ಮತ್ತೆ ಅದೇ ಭಾಗಾಕಾರ. ಒಣ ಕೈಯ ಚರ್ಮದ ರೆಸಿಸ್ಟೆನ್ಸ್ ಸಾವಿರಾರು ಓಮ್. ಹತ್ತು ಸಾವಿರ ಅಂತ ಹಿಡಿದ್ರೆ ಕಾರ್ ಬ್ಯಾಟರಿಯ 12 ವೋಲ್ಟಿಗೆ 1.2 ಮಿಲಿಆಂಪ್. ಬ್ಯಾಟರಿಗೆ 500 ಆಂಪ್ ತಾಕತ್ತಿದ್ರೂ ನಿಮ್ಮ ಮೈ ಎಳೆಯೋದು ಅಷ್ಟೇ. ಅದೇ ಬ್ಯಾಟರಿಯ ಎರಡು ತುದಿಗೆ ಸ್ಪ್ಯಾನರ್ ಅಡ್ಡ ಬಿದ್ರೆ ರೆಸಿಸ್ಟೆನ್ಸ್ ಹೆಚ್ಚೂಕಡಿಮೆ ಸೊನ್ನೆ, ಆಗ ನೂರಾರು ಆಂಪ್ ಹರಿದು ಸ್ಪ್ಯಾನರ್ ಕೆಂಡ ಆಗುತ್ತೆ. ಬೆರಳಲ್ಲಿ ಉಂಗುರ ಇದ್ರೆ ಬ್ಯಾಟರಿ ಕೆಲಸಕ್ಕೆ ಕೈ ಹಾಕಬೇಡಿ.

ಈಗ ಒದ್ದೆ ಕೈ, ಬರಿಗಾಲು. ಮೈ ರೆಸಿಸ್ಟೆನ್ಸ್ ಸಾವಿರ ಓಮ್ ಹತ್ರ ಇಳಿಯಬಹುದು. 230 ವೋಲ್ಟಿಗೆ 230 ಮಿಲಿಆಂಪ್. ಮನೆಗಳಲ್ಲಿ ಜೀವ ಉಳಿಸೋಕೆ ಅಂತ ಹಾಕೋ ಲೀಕೇಜ್ ಬ್ರೇಕರ್ 30 ಮಿಲಿಆಂಪಿಗೇ ಬೀಳೋ ಹಾಗೆ ಮಾಡಿರ್ತಾರೆ. ಅದರ ಏಳು ಪಟ್ಟಿಗಿಂತ ಜಾಸ್ತಿ ಆಯ್ತಲ್ಲ! ಹಾಗಾಗಿ ವೋಲ್ಟೇಜ್ ಕೊಲ್ಲಲ್ಲ ಅಂತ ಹೇಳ್ಕೊಂಡು ಯಾರೂ ಪ್ಲಗ್ ಪಾಯಿಂಟ್ ಬಿಚ್ಚೋಕೆ ಹೋಗಬೇಡಿ. ಮೇನ್ಸ್ ಕೆಲಸ ಕಲಿತವರಿಗೆ ಬಿಡಿ. ನಿಮ್ಮ ಕಲಿಕೆ 12 ವೋಲ್ಟ್ ಒಳಗೇ ಇರಲಿ.

ಫ್ಯೂಸ್_ಹಾರಿತು:
ಹಂಗಾರ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲ ಹಿಡಿಕಿ ಮುಟ್ಟಿದಾಗ ಚುರ್ ಅಂತೈತಲ್ರಿ, ಅದು ಸಾವಿರಾರು ವೋಲ್ಟ್ ಅಂತಾರ?

ಹಳೇಮೀಟರ್:
ಹೌದು, ಸಾವಿರಾರು ವೋಲ್ಟೇ. ಆದ್ರೆ ಹಿಂದೆ ಸರಕಿಲ್ಲ. ಮೈಮೇಲೆ ಕೂತಿರೋ ಚಾರ್ಜ್ ಚಿಟಿಕೆಯಷ್ಟು, ಕಣ್ಣು ಮಿಟುಕಿಸೋದರೊಳಗೆ ಖಾಲಿ. ಪ್ಲಗ್ ಪಾಯಿಂಟ್ ಹಾಗೆ ಖಾಲಿ ಆಗಲ್ಲ.

ಕಪಾಟಿನವರೇ, ನಿಮ್ಮ ಕೆಲಸಕ್ಕೆ ಬರೋಣ. 1.5 ಸ್ಕ್ವೇರ್ ಎಂಎಂ ತಂತಿ ಹಾಕಿ. 16 ಮೀಟರಿಗೆ ಸುಮಾರು 0.19 ಓಮ್. ಸ್ಟ್ರಿಪ್ 3.3 ಆಂಪ್ ಎಳೆದ್ರೂ ನಷ್ಟ 0.62 ವೋಲ್ಟ್. ಸ್ಟ್ರಿಪ್ ಬಾಯಲ್ಲಿ 11.4 ಬರಬೇಕು. ಅಡಾಪ್ಟರನ್ನೇ ಕಪಾಟಿನ ಹತ್ರ ಇಡೋಕಾದ್ರೆ ಇನ್ನೂ ಉತ್ತಮ.

ಕಪಾಟಿನ_ಬೆಳಕು:
ಅಡಾಪ್ಟರ್ ಅಲ್ಲಿಡೋಕೆ ಜಾಗ ಇಲ್ಲ. ಹೊಸ ತಂತಿ ಎಳೆದೆ. ಬೆಳಕು ಜೋರಾಗಿದೆ, ಆದರೆ 11.4 ಬರ್ತಿಲ್ಲ, 11.05 ಬರ್ತಿದೆ. ಕರೆಂಟ್ 3.1 ಆಂಪ್. ನಿಮ್ಮ ಲೆಕ್ಕ ತಪ್ಪಿರಬಹುದು ಅಂತ ಬರೆಯೋಕೆ ಹೊರಟಿದ್ದೆ, ಕೈ ತಡೀತು. ಮೊದಲು ಅಳೀತೀನಿ.

ಕಪಾಟಿನ_ಬೆಳಕು:
ಸಿಕ್ತು. ಪ್ಲಸ್ ತಂತಿ 0.29, ಸರಿ ಇದೆ. ಮೈನಸ್ ತಂತಿ ಅಡಾಪ್ಟರಿಂದ ಸ್ಟ್ರಿಪ್‌ವರೆಗೆ 0.71! ಕಡ್ಡಿಯನ್ನ ಅಡಾಪ್ಟರ್ ಕಡೆಯಿಂದ ಸ್ವಲ್ಪ ಸ್ವಲ್ಪವೇ ಮುಂದೆ ಸರಿಸುತ್ತಾ ಬಂದೆ. ಕಪಾಟಿನ ಹಿಂದೆ ತಂತಿಗೂ ಸ್ಟ್ರಿಪ್ಪಿನ ವೈರಿಗೂ ಕೈಯಲ್ಲೇ ತಿರುಚಿ ಟೇಪ್ ಸುತ್ತಿದ್ದೆನಲ್ಲ, ಆ ಒಂದೇ ಗಂಟಿನ ಆಚೆ ಈಚೆ 0.42 ವೋಲ್ಟ್. ಬೆರಳಿಟ್ಟು ನೋಡಿದೆ, ಬೆಚ್ಚಗಿದೆ. 0.42 ಗುಣಿಸು 3.1, 1.3 ವ್ಯಾಟ್ ಆ ಕಡಲೆಕಾಳಿನಷ್ಟು ಗಂಟಲ್ಲೇ ಬಿಸಿಯಾಗಿ ಹೋಗ್ತಿದೆ.

ಬೆಸುಗೆ_ಹೊಗೆ:
ಟೇಪ್ ಬಿಚ್ಚಿ, ತಂತಿ ಕೆರೆದು ಬೆಸುಗೆ ಹಾಕಿ. ಇಲ್ಲಾಂದ್ರೆ ಸ್ಕ್ರೂ ಕನೆಕ್ಟರ್. ಎಳೆಗಳಲ್ಲಿ ಎಷ್ಟು ಗಂಟಿನೊಳಗೆ ಸಿಕ್ಕಿದೆ ಅಂತಲೂ ನೋಡಿ.

ಕಪಾಟಿನ_ಬೆಳಕು:
ಬಿಚ್ಚಿ ನೋಡಿದೆ. ತಂತಿಯ ಎಳೆಗಳಲ್ಲಿ ನಾಲ್ಕೈದು ಮಾತ್ರ ಗಂಟಿನೊಳಗಿದ್ವು, ಉಳಿದವು ಟೇಪಿನ ಒಳಗೆ ಸುಮ್ನೆ ಮಡಿಚ್ಕೊಂಡು ಕೂತಿದ್ವು. ಕನೆಕ್ಟರ್ ಹಾಕಿ ಸ್ಕ್ರೂ ಬಿಗಿದೆ. ಈಗ ಗಂಟಿನ ಮೇಲೆ 0.01. ಸ್ಟ್ರಿಪ್ ಬಾಯಲ್ಲಿ, ಉರೀತಿರುವಾಗಲೇ, 11.42.

10 ಆಂಪ್ ಅಡಾಪ್ಟರ್ ವಾಪಸ್ ಪೆಟ್ಟಿಗೆಗೆ ಹೋಯ್ತು. 5 ಆಂಪಿನದೇ ಓಡ್ತಿದೆ.